ವಸಂತದ ಬಿಸಿಲಲ್ಲಿ ಯಾದಗಿರಿ ಕೋಟೆ ಗುಡ್ಡ: ಹತ್ತುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ. ಅಲ್ಲಿಂದ ಯುಗಾದಿವರೆಗೆ ಯಾದಗಿರಿ ಕೋಟೆ ಗುಡ್ಡ ಹತ್ತಬೇಕು ಅನ್ನುವವರು ಬಹಳ. ಕಾಲೇಜು ಹುಡುಗರು, ಮುಂಜಾನೆ ವಾಕಿಂಗಿನವರು, ರಜಾ ದಿನ ಕಲಬುರಗಿ, ರಾಯಚೂರು ಕಡೆಯಿಂದ ರೈಲು ಹಿಡಿದು ಬರುವ ಕುಟುಂಬಗಳು. ಗುಡ್ಡ ಊರಿಗೆ ಅಂಟಿಕೊಂಡೇ ಇದೆ, ಎತ್ತರ ಸುಮಾರು ನೂರು ಮೀಟರ್, ಮೆಟ್ಟಿಲೂ ಇವೆ. ಹಾಗಾಗಿ ಯಾರೂ ಇದಕ್ಕೆ ತಯಾರಿ ಮಾಡಿಕೊಂಡು ಬರುವುದಿಲ್ಲ. ನಾಲ್ಕು ಜನಕ್ಕೆ ಒಂದು ಬಾಟಲಿ ನೀರು ಹಿಡಿದು ಹತ್ತು ಗಂಟೆಗೆ ಹತ್ತಲು ನಿಂತವರನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಅವರಿಗಾಗಿ ಮತ್ತು ಅವರ ಮನೆಯವರಿಗಾಗಿ ಈ ಪ್ರಶ್ನೋತ್ತರ.

ವಸಂತದಲ್ಲಿ ಗುಡ್ಡ ಹತ್ತಬಹುದಾ, ಇಲ್ಲಾ ಮಳೆಗಾಲದ ತನಕ ಕಾಯಬೇಕಾ?

ಹತ್ತಬಹುದು. ಆದರೆ ವಸಂತ ಅಂದರೆ ಎಲ್ಲ ದಿನವೂ ಒಂದೇ ಅಲ್ಲ. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮುಂಜಾನೆ ಇನ್ನೂ ಹಿತವಾಗಿರುತ್ತದೆ, ಗಾಳಿ ಆಡುತ್ತದೆ, ಬಯಲಲ್ಲಿ ಮುತ್ತುಗ ಕೆಂಪಗೆ ಅರಳಿರುತ್ತದೆ. ನನ್ನನ್ನು ಕೇಳಿದರೆ ಇವೇ ಒಳ್ಳೆಯ ದಿನಗಳು. ಮಾರ್ಚ್ ಮುಗಿಯುವ ಹೊತ್ತಿಗೆ ಹಗಲಿನ ಬಿಸಿಲು 38 ಡಿಗ್ರಿ ದಾಟುವುದು ಮಾಮೂಲು. ಏಪ್ರಿಲ್‌ನಲ್ಲಿ 40ರ ಆಸುಪಾಸು, ಮೇನಲ್ಲಿ ಅದಕ್ಕೂ ಮೇಲೆ. ಪಂಚಾಂಗದ ಪ್ರಕಾರ ಚೈತ್ರ, ವೈಶಾಖ ಎರಡೂ ವಸಂತವೇ. ಆದರೆ ನಮ್ಮ ಕಡೆ ವೈಶಾಖದಲ್ಲಿ ಗುಡ್ಡದ ಸುದ್ದಿಗೆ ಹೋಗದಿರುವುದೇ ಒಳಿತು.

ಇನ್ನೊಂದು ಲೆಕ್ಕವೂ ಗೊತ್ತಿರಲಿ. ಮೇ ಎರಡನೇ ವಾರದ ಹೊತ್ತಿಗೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೊದಲು ಯಾದಗಿರಿ, ಆಮೇಲೆ ಕಲಬುರಗಿ, ಕೊನೆಗೆ ಬೀದರ. ಆ ದಿನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲ್ ಕೊನೆಯಿಂದಲೇ ನಡುಹಗಲಲ್ಲಿ ಕೋಟೆ ಗೋಡೆಯ ಬುಡದಲ್ಲೂ ಆಸರೆಯ ನೆರಳು ಸಿಗುವುದು ಕಷ್ಟವಾಗುತ್ತದೆ. ಗೋಡೆ ಇದೆಯಲ್ಲ, ಅಲ್ಲಿ ಕೂತರಾಯಿತು ಅಂದುಕೊಂಡು ಹೋದವರು ಇದರಿಂದಲೇ ಮೋಸ ಹೋಗುತ್ತಾರೆ.

ಎಷ್ಟು ಹೊತ್ತಿಗೆ ಹತ್ತಲು ಶುರು ಮಾಡಬೇಕು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಹತ್ತುವ ಹೊತ್ತನ್ನು ಮೊದಲು ಗೊತ್ತು ಮಾಡಬೇಡಿ, ಇಳಿಯುವ ಹೊತ್ತನ್ನು ಗೊತ್ತು ಮಾಡಿ. ಮಾರ್ಚ್‌ನಲ್ಲಿ ಒಂಬತ್ತು ಗಂಟೆಗೆ ನೀವು ಕೆಳಗೆ ರಸ್ತೆಯಲ್ಲಿ ನಿಂತಿರಬೇಕು, ಏಪ್ರಿಲ್‌ನಲ್ಲಿ ಎಂಟೂವರೆಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ನಿಧಾನಕ್ಕೆ ಹತ್ತಿ, ಮೇಲೆ ಸುತ್ತಾಡಿ, ಇಳಿಯಲು ಎರಡರಿಂದ ಎರಡೂವರೆ ಗಂಟೆ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಯಾದಗಿರಿಯಲ್ಲಿ ಮಾರ್ಚ್ ಮೂರನೇ ವಾರ ಸೂರ್ಯ ಹುಟ್ಟುವುದು ಸುಮಾರು 6.25ಕ್ಕೆ, ಏಪ್ರಿಲ್ ಕೊನೆಗೆ 6 ಗಂಟೆಗೆ. ಅಂದರೆ ಬೆಳಕು ಹರಿದ ಕೂಡಲೇ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿರಬೇಕು.

ಅರ್ಧ ದಾರಿಗೆ ಹೋಗುವಷ್ಟರಲ್ಲಿ ಹೊತ್ತಾಯಿತೆಂದರೆ ತಿರುಗಿ ಬನ್ನಿ. ಇನ್ನೇನು ಹತ್ತೇ ನಿಮಿಷ ಅನ್ನುವ ಮಾತಿಗೆ ಕಿವಿಗೊಡಬೇಡಿ. ಆ ಹತ್ತು ನಿಮಿಷ ಹತ್ತಿದವರು ಮೇಲೆ ಅರ್ಧ ಗಂಟೆ ಫೋಟೊ ತೆಗೆಯುತ್ತಾರೆ, ಇಳಿಯುವಾಗ ಸೂರ್ಯ ಮುಖಕ್ಕೆ ಹೊಡೆಯುತ್ತಿರುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸಕ್ಕೇ ಇಷ್ಟು ಮುತುವರ್ಜಿ ಇರುವಾಗ ಬರಿ ಬಂಡೆ ಮೇಲೆ ಹತ್ತುವ ಕೆಲಸಕ್ಕೆ ಎಷ್ಟಿರಬೇಕು!

ಬೆಳಿಗ್ಗೆ ಏಳೋದು ಆಗೋದಿಲ್ರೀ. ಸಂಜೆ ತಂಪಾದ ಮೇಲೆ ಹೋದರೆ ನಡೀತದಲ್ಲ?

ಸಂಜೆ ಗಾಳಿ ತಂಪಾಗಿರಬಹುದು, ಬಂಡೆ ತಂಪಾಗಿರುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಗುಡ್ಡಗಳೆಲ್ಲ ಗ್ರಾನೈಟ್. ಕಲಬುರಗಿಯ ಸುತ್ತಲಿನ ಕರಿಕಲ್ಲಿನ ಬಯಲು, ಬೀದರದ ಕೆಂಪು ಜಂಬಿಟ್ಟಿಗೆ ನೆಲ ನೋಡಿ ಬಂದವರಿಗೆ ಇದು ಬೇರೆಯೇ ನೆಲ. ಗ್ರಾನೈಟ್ ಬಂಡೆ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಗಾಳಿ 40 ಡಿಗ್ರಿ ಇದ್ದ ದಿನ ಬಂಡೆಯ ಮೈ 55 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಸೂರ್ಯ ಮುಳುಗಿದ ಮೇಲೆ ಆ ಕಾವನ್ನು ತಾಸುಗಟ್ಟಲೆ ಹೊರಗೆ ಬಿಡುತ್ತಾ ಇರುತ್ತದೆ. ದೊಡ್ಡ ಗುಂಡುಗಳ ಸಂದಿಯಲ್ಲಿ ಹಾದುಹೋಗುವಾಗ ಎರಡೂ ಮಗ್ಗುಲಿಂದ ಝಳ ಹೊಡೆಯುವುದು ಇದಕ್ಕೇ. ರಾತ್ರಿಯೆಲ್ಲ ಬಿಟ್ಟೂ ಬಿಟ್ಟೂ ಬಂಡೆ ಅತಿ ತಣ್ಣಗಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ದಿನದ ಕನಿಷ್ಠ ಉಷ್ಣಾಂಶವೂ ಆಗಲೇ.

ಸಂಜೆಗೆ ಇನ್ನೊಂದು ತೊಡಕು, ಕತ್ತಲೆ. ಕಡಿದಾದ ದಾರಿಯಲ್ಲಿ ಇಳಿಯುವಾಗ ಬೆಳಕು ಬೇಕೇ ಬೇಕು. ಹಾವು, ಚೇಳು ತಿರುಗಾಡಲು ಹೊರಡುವುದೂ ಅದೇ ಹೊತ್ತಿಗೆ.

ಬಂಡೆ ಎಷ್ಟು ಕಾದಿದೆ ಎಂದು ತಿಳಿಯಲು ಸುಲಭದ ಉಪಾಯವಿದೆ. ಅಂಗೈ ಗಟ್ಟಿ ಚರ್ಮದ್ದು, ಅದನ್ನು ನಂಬಬೇಡಿ. ಕೈಯ ಹಿಂಭಾಗವನ್ನು ಬಂಡೆಗೆ ತಾಗಿಸಿ ನಿಧಾನವಾಗಿ ಐದರವರೆಗೆ ಎಣಿಸಿ. ಅಷ್ಟು ಹೊತ್ತು ತಡೆಯಲು ಆಗದಿದ್ದರೆ ಅವತ್ತಿನ ಗುಡ್ಡ ಮುಗಿಯಿತು, ಇಳಿಯಿರಿ.

ದಾರಿ ಎಷ್ಟು ಕಡಿದು? ಜಾರುತ್ತದಾ?

ಕಲ್ಲಿನ ಮೆಟ್ಟಿಲು ಹತ್ತುತ್ತಾ ಒಂದಾದ ಮೇಲೊಂದು ಕೋಟೆ ಬಾಗಿಲು ದಾಟುತ್ತೀರಿ. ಹಳೆಯ ಕಾಲದ ಮೆಟ್ಟಿಲು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕೆಲವು ಗೇಣುದ್ದ, ಕೆಲವು ಮೊಣಕಾಲಿನ ಹತ್ತಿರಕ್ಕೆ ಬರುತ್ತವೆ. ಶತ್ರು ಸೈನ್ಯಕ್ಕೆ ದಮ್ಮು ಹತ್ತಲಿ ಅಂತಲೇ ಗುಡ್ಡದ ಕೋಟೆಗಳ ದಾರಿಯನ್ನು ತಿರುವುತ್ತಾ ಏರಿಸುತ್ತಿದ್ದರು, ಅದರ ಫಲ ಈಗ ನಮ್ಮ ಮೊಣಕಾಲಿಗೆ. ಒಂದೇ ಉಸಿರಿಗೆ ಹತ್ತದೆ ಪ್ರತಿ ಬಾಗಿಲ ನೆರಳಲ್ಲಿ ನಿಂತು ಎರಡು ಗುಟುಕು ನೀರು ಕುಡಿದು ಮುಂದೆ ಹೋಗಿ.

ಜಾರುವುದು ಅಂದರೆ ಎಲ್ಲರಿಗೂ ಮಳೆಗಾಲ ನೆನಪಾಗುತ್ತದೆ. ಒಣ ಕಾಲದಲ್ಲೂ ಜಾರುತ್ತದೆ, ಕಾರಣ ಬೇರೆ. ಬಂಡೆ ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಮೇಲಿನ ಪದರು ಪುಡಿಯಾಗಿ ಉದುರುತ್ತದೆ. ಆ ಗರಸು ಇಳಿಜಾರಿನ ಬಂಡೆಯ ಮೇಲೆ, ಮೆಟ್ಟಿಲ ಅಂಚಿನಲ್ಲಿ ಜೋಳದ ಕಾಳು ಚೆಲ್ಲಿದ ಹಾಗೆ ಕೂತಿರುತ್ತದೆ. ಹತ್ತುವಾಗ ಅದು ಕಾಣುತ್ತದೆ, ಇಳಿಯುವಾಗ ಕಾಣುವುದಿಲ್ಲ. ಹೀಗಾಗಿ ಬಿದ್ದವರಲ್ಲಿ ಹೆಚ್ಚಿನವರು ಇಳಿಯುವಾಗ ಬಿದ್ದವರು. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ, ಪಾದ ಪೂರ್ತಿ ಊರಲಿ, ಎರಡೂ ಕೈ ಖಾಲಿ ಇರಲಿ. ಮೊಬೈಲ್ ಜೇಬಿನಲ್ಲಿ. ಬೇವು, ಹುಣಸೆಯ ಒಣ ಎಲೆ ಮೆಟ್ಟಿಲ ಮೂಲೆಗಳಲ್ಲಿ ಗುಡ್ಡೆಯಾಗಿರುತ್ತದೆ. ಅದರ ಮೇಲೆ ಕಾಲಿಡಬೇಡಿ, ಕೆಳಗೆ ಮೆಟ್ಟಿಲಿದೆಯೋ ಸಂದಿಯಿದೆಯೋ ಗೊತ್ತಾಗುವುದಿಲ್ಲ.

ಮೆಟ್ಟಿಲು ಬಿಟ್ಟು ಬಂಡೆ ಹಿಡಿದು ಅಡ್ಡದಾರಿಯಲ್ಲಿ ಹತ್ತುವ ಹುಡುಗರಿದ್ದಾರೆ. ಬಂಡೆ ಹತ್ತುವುದು ಸಲೀಸು, ಇಳಿಯಲು ನಿಂತಾಗ ಕಾಲು ನಡುಗುತ್ತದೆ. ಬೇಡ. ಕೋಟೆ ಗೋಡೆಯ ತುದಿಯ ಮೇಲೆ ನಡೆಯುವುದೂ ಬೇಡ. ಗಾರೆ ಸಡಿಲಾಗಿರುವ ಕಲ್ಲು ಯಾವುದೆಂದು ನೋಟಕ್ಕೆ ತಿಳಿಯುವುದಿಲ್ಲ.

ಏನು ತೊಟ್ಟುಕೊಂಡು ಹೋಗಬೇಕು? ಚಪ್ಪಲಿ ನಡೆಯುತ್ತದಾ?

ಚಪ್ಪಲಿ ನಡೆಯುವುದಿಲ್ಲ. ರಬ್ಬರ್ ಅಟ್ಟೆ ಸವೆಯದಿರುವ ಸಾದಾ ಕ್ಯಾನ್ವಾಸ್ ಬೂಟು ಸಾಕು, ಸಾವಿರಾರು ರೂಪಾಯಿಯ ಚಾರಣದ ಬೂಟು ಬೇಕಿಲ್ಲ. ತೆಳು ಬಣ್ಣದ, ಸಡಿಲಾದ, ತುಂಬು ತೋಳಿನ ಹತ್ತಿ ಬಟ್ಟೆ ಹಾಕಿ. ತಲೆಗೆ ಟೊಪ್ಪಿಗೆಗಿಂತ ಒದ್ದೆ ಟವೆಲ್ ಮೇಲು. ನಮ್ಮ ಹೊಲದ ಕೆಲಸದವರು ರುಮಾಲು ಸುತ್ತುವುದು ಸುಮ್ಮನೆ ಅಲ್ಲ, ಅದು ಕಿವಿ, ಕುತ್ತಿಗೆ ಎರಡನ್ನೂ ಕಾಯುತ್ತದೆ, ಬೆವರನ್ನೂ ಹೀರುತ್ತದೆ. ಕಾಲುಚೀಲ ಉದ್ದದ್ದಿರಲಿ. ಈ ಕಾಲಕ್ಕೆ ಹುಲ್ಲು ಒಣಗಿ ಸೂಜಿಯಂಥ ಮುಳ್ಳು ಬಿಟ್ಟಿರುತ್ತದೆ, ಬಟ್ಟೆಗೆ ಹತ್ತಿದರೆ ಮನೆಗೆ ಬಂದ ಮೇಲೂ ಚುಚ್ಚುತ್ತದೆ.

ಮೇಲೆ ಗುಡಿ, ಮಸೀದಿ ಇರುವಲ್ಲಿ ಪಾದರಕ್ಷೆ ಬಿಡಬೇಕಾಗುತ್ತದೆ. ಹೊತ್ತೇರಿದ ಮೇಲೆ ಬರಿಗಾಲಲ್ಲಿ ಬಂಡೆ ಮೇಲೆ ನಡೆದರೆ ಬೊಬ್ಬೆ ಏಳುತ್ತದೆ, ಮುಖ್ಯವಾಗಿ ಮಕ್ಕಳಿಗೆ. ದರ್ಶನ ಮೊದಲು ಮುಗಿಸಿ, ಸುತ್ತಾಟ ಆಮೇಲೆ.

ನೀರು ಎಷ್ಟು ಒಯ್ಯಬೇಕು? ಮೇಲೆ ಸಿಗುತ್ತದಾ?

ತಲೆಗೆ ಎರಡು ಲೀಟರ್. ಗುಂಪಿಗೆ ಎರಡಲ್ಲ, ತಲೆಗೆ. ಮೇಲೆ ಕುಡಿಯುವ ನೀರು ಸಿಗುತ್ತದೆಂದು ನಂಬಿ ಹೋಗಬೇಡಿ. ಕೋಟೆಯಲ್ಲಿ ಹಳೆಯ ಬಾವಿ, ಹೊಂಡಗಳಿವೆ. ಬಂಡೆ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟು ಸೈನ್ಯವನ್ನು ಸಾಕಿದ ಆ ಜಾಣತನ ನಿಂತು ನೋಡುವಂಥದ್ದು. ಆದರೆ ಇವತ್ತು ಆ ನೀರು ಕುಡಿಯಲು ಯೋಗ್ಯವಲ್ಲ. ಈಜಲು, ಕಾಲು ತೊಳೆಯಲು ಇಳಿಯುವುದೂ ಅಪಾಯ, ಅಂಚು ಪಾಚಿ ಕಟ್ಟಿರುತ್ತದೆ, ಆಳ ತಿಳಿಯುವುದಿಲ್ಲ.

ಬರಿ ನೀರನ್ನೇ ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿದರೆ ಆಯಿತು. ಉಪ್ಪು ಹಾಕಿದ ತೆಳು ಮಜ್ಜಿಗೆಯೂ ಒಳ್ಳೆಯದೇ. ತಂಪು ಪಾನೀಯದ ಬಾಟಲಿ ಬೇಡ, ಅದರ ಸಕ್ಕರೆ ದಾಹವನ್ನು ಹೆಚ್ಚಿಸುತ್ತದೆ. ತಿನ್ನಲು ಸೌತೆಕಾಯಿ, ಬಾಳೆಹಣ್ಣು, ಶೇಂಗಾ ಚಿಕ್ಕಿ ಸಾಕು. ಖಡಕ್ ರೊಟ್ಟಿ, ಹಿಂಡಿ ಇಳಿದ ಮೇಲೆ ತಿನ್ನಿ, ಅದನ್ನು ತಿಂದರೆ ಇರುವ ನೀರೆಲ್ಲ ಅದಕ್ಕೇ ಹೋಗುತ್ತದೆ.

ಬಿಸಿಲು ಬಡಿದಿದೆ ಅಂತ ಹೇಗೆ ಗೊತ್ತಾಗುತ್ತದೆ? ಆಗ ಏನು ಮಾಡಬೇಕು?

ಬಿಸಿಲು ಬಡಿಯುವುದು ಒಮ್ಮೆಲೇ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಮೀನಖಂಡ ಹಿಡಿಯುತ್ತದೆ, ತಲೆ ಭಾರವಾಗುತ್ತದೆ, ಹೊಟ್ಟೆ ತೊಳಸುತ್ತದೆ, ಮೈ ತಣ್ಣಗೆ ಜಿಗಿಜಿಗಿ ಬೆವರುತ್ತದೆ. ಈ ಹಂತದಲ್ಲಿ ನೆರಳಿಗೆ ಕರೆದೊಯ್ದು, ಕಾಲು ಸ್ವಲ್ಪ ಎತ್ತರಿಸಿ ಮಲಗಿಸಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿದರೆ ಚೇತರಿಸಿಕೊಳ್ಳುತ್ತಾರೆ. ಅವತ್ತು ಮತ್ತೆ ಮೇಲಕ್ಕೆ ಹತ್ತಬಾರದು, ಎಷ್ಟೇ ಗಟ್ಟಿ ಅನ್ನಿಸಿದರೂ.

ಎರಡನೆಯ ಹಂತ ಜೀವಕ್ಕೆ ಕುತ್ತು. ಮಾತು ತೊದಲುತ್ತದೆ, ಸಂಬಂಧವಿಲ್ಲದ ಮಾತಾಡುತ್ತಾರೆ, ನಡಿಗೆ ವಾಲುತ್ತದೆ, ಮೈ ಬೆಂಕಿಯ ಹಾಗೆ ಸುಡುತ್ತದೆ, ದೇಹದ ಕಾವು 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಬಹುದು, ನಿಲ್ಲದೆಯೂ ಇರಬಹುದು. ಆದ್ದರಿಂದ ಬೆವರನ್ನು ನೋಡಬೇಡಿ, ಬುದ್ಧಿ ಸ್ಥಿಮಿತದಲ್ಲಿದೆಯಾ ಎಂದು ನೋಡಿ. ಅವರ ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿ. ಉತ್ತರ ತಡವರಿಸಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಕರೆ ಮಾಡಿ ಕೈಕಟ್ಟಿ ಕೂರಬೇಡಿ. ಇರುವ ನೀರನ್ನೆಲ್ಲ ಮೈಮೇಲೆ ಸುರಿಯಿರಿ, ಟವೆಲ್ ಒದ್ದೆ ಮಾಡಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ, ಸೆರಗೋ ದುಪಟ್ಟಾವೋ ಹಿಡಿದು ಜೋರಾಗಿ ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡುವುದಿಲ್ಲ. ಆಂಬುಲೆನ್ಸ್ ಗುಡ್ಡದ ಬುಡಕ್ಕಷ್ಟೇ ಬರುತ್ತದೆ, ಅಲ್ಲಿಯವರೆಗೆ ಇಳಿಸಬೇಕಾದವರು ಜೊತೆಯಲ್ಲಿದ್ದ ನೀವೇ. ತಂಪು ಮಾಡುವುದು ಮೊದಲು, ಇಳಿಸುವುದು ಆಮೇಲೆ.

ಹೆಜ್ಜೇನಿನ ಭಯ ಇದೆಯಾ?

ಇದೆ, ಅದೂ ಇದೇ ಕಾಲದಲ್ಲಿ. ಹೂವು ಬಿಡುವ ದಿನಗಳಲ್ಲಿ ಹೆಜ್ಜೇನು ಎತ್ತರದ ಬಂಡೆಯ ಅಡಿ, ಕೋಟೆಯ ಬುರುಜು, ದೊಡ್ಡ ಮರಗಳಲ್ಲಿ ಬಂದು ಹುಟ್ಟು ಕಟ್ಟುತ್ತದೆ. ಹುಟ್ಟು ಅಲ್ಲಾಡದೆ ತೂಗುತ್ತಿರುವಾಗ ಅದರ ಪಾಡಿಗೆ ಅದು ಇರುತ್ತದೆ. ಕಲ್ಲು ಎಸೆಯುವುದು, ಕೂಗಾಡುವುದು, ಬೀಡಿ ಸಿಗರೇಟಿನ ಹೊಗೆ, ಕಸಕ್ಕೆ ಹಚ್ಚಿದ ಬೆಂಕಿ, ಮೇಲೆ ಹಾರುವ ಡ್ರೋನ್, ಇವೇ ಅದನ್ನು ಕೆಣಕುವುದು. ಒಬ್ಬ ಕೆಣಕಿದರೆ ಕಚ್ಚಿಸಿಕೊಳ್ಳುವವರು ಹಿಂದೆ ಬರುತ್ತಿರುವ ಅಜ್ಜಿ, ಮಕ್ಕಳು. ಈ ಒಂದು ವಿಷಯದಲ್ಲಿ ಗುಂಪಿನ ಹುಡುಗರನ್ನು ಗದರಿಸಲು ಹಿಂಜರಿಯಬೇಡಿ.

ಹುಟ್ಟು ಕಂಡರೆ ಮಾತು ನಿಲ್ಲಿಸಿ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಒಂದೆರಡು ಹುಳು ಬಂದು ಮುಖದ ಸುತ್ತ ಹಾರಿದರೆ ಕೈ ಬೀಸಬೇಡಿ. ಹಿಂಡು ಎದ್ದರೆ ತಲೆ, ಮುಖವನ್ನು ಟವೆಲಿನಿಂದ ಮುಚ್ಚಿ, ಕಣ್ಣಿಗೆ ಮಾತ್ರ ಜಾಗ ಬಿಟ್ಟು, ನಿಲ್ಲದೆ ದೂರ ಹೋಗಿ. ಕಡಿದಾದ ಮೆಟ್ಟಿಲಲ್ಲಿ ಓಡಿ ಬಿದ್ದು ತಲೆ ಒಡೆದುಕೊಳ್ಳುವುದು ಕಡಿತಕ್ಕಿಂತ ಕೆಟ್ಟದ್ದು, ಬಿರುಸಾಗಿ ಇಳಿಯಿರಿ, ಹಾರಬೇಡಿ. ಹೊಂಡಕ್ಕೆ ಧುಮುಕುವುದು ಬೇಡವೇ ಬೇಡ, ತಲೆ ಎತ್ತುವುದನ್ನೇ ಹುಳು ಕಾಯುತ್ತಿರುತ್ತವೆ. ಕೊಂಡಿ ಚರ್ಮದಲ್ಲಿ ಉಳಿದಿದ್ದರೆ ಉಗುರಿನಿಂದ ಕೆರೆದು ಬೇಗ ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ, ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಅಥವಾ ಹತ್ತಾರು ಕಡೆ ಕಚ್ಚಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ.

ಹಾವು, ಚಿರತೆ?

ಒಣ ಬಂಡೆಯ ನಾಡು ಉರಿಮಂಡಲ ಹಾವಿಗೆ ಹೇಳಿ ಮಾಡಿಸಿದ ಜಾಗ. ಗಿಡ್ಡದು, ಮಣ್ಣಿನ ಬಣ್ಣದ್ದು, ಕಲ್ಲಿನ ಸಂದಿಯಲ್ಲಿ ಸುರುಳಿ ಸುತ್ತಿ ಕೂತರೆ ಕಣ್ಣಿಗೇ ಬೀಳದು. ಮೈಯ ಪೊರೆಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡುತ್ತದೆ, ಆ ಸದ್ದು ಕೇಳಿದರೆ ಇದ್ದಲ್ಲೇ ನಿಂತು ನೋಡಿ ಹಿಂದೆ ಸರಿಯಿರಿ. ನಾಗರ, ಕೊಳಕುಮಂಡಲವೂ ನಮ್ಮ ಕಡೆ ಇವೆ. ಮುನ್ನೆಚ್ಚರಿಕೆ ಒಂದೇ: ಕಣ್ಣಿಗೆ ಕಾಣದ ಜಾಗದಲ್ಲಿ ಕೈ ಇಡಬೇಡಿ, ಕಾಲಿಡಬೇಡಿ, ಕೂರಬೇಡಿ.

ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲೋ ಕೈಯೋ ಅಲ್ಲಾಡದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಉಂಗುರ, ಕಾಲ್ಗೆಜ್ಜೆ, ಗಡಿಯಾರ ಬಿಚ್ಚಿ. ಅವರನ್ನು ನಡೆಸಬೇಡಿ, ಹೊತ್ತು ಇಳಿಸಿ. ನೇರ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ. ಮಂತ್ರ, ನಾಟಿ ಬೇರು ಎಂದು ಒಂದು ಗಂಟೆ ತಡ ಮಾಡಿದರೆ ಆ ಗಂಟೆ ಮತ್ತೆ ಸಿಗುವುದಿಲ್ಲ. ಹಾವನ್ನು ಹೊಡೆದು ತರುವ ಅಗತ್ಯವಿಲ್ಲ, ನಮ್ಮಲ್ಲಿ ಸಿಗುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ನಾಲ್ಕಕ್ಕೂ ಒಂದೇ.

ಚಿರತೆ ಕಂಡಿತು ಎಂಬ ಸುದ್ದಿ ಇಂಥ ಗುಡ್ಡಗಳಲ್ಲಿ ಆಗಾಗ ಹಬ್ಬುತ್ತದೆ. ಸುದ್ದಿ ಇದ್ದ ದಿನ ಹೋಗಬೇಡಿ, ಅಷ್ಟೇ.

ಮಂಗ?

ಪ್ಲಾಸ್ಟಿಕ್ ಚೀಲ ಕೈಯಲ್ಲಿ ತೂಗಾಡಿಸಬೇಡಿ. ಬೆನ್ನಚೀಲದಲ್ಲಿ ಎಲ್ಲ ಇಟ್ಟು ಜಿಪ್ ಹಾಕಿ. ತಿನ್ನಲು ಕೊಡಬೇಡಿ, ಹಲ್ಲು ಕಿರಿದು ನಗಬೇಡಿ, ಅವಕ್ಕೆ ಅದು ಬೆದರಿಕೆ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ರೇಬೀಸ್ ಸೂಜಿಗೆ ಆಸ್ಪತ್ರೆಗೆ ಹೋಗಿ.

ಬೇಸಿಗೆ ಮಳೆ ಬಂದರೆ?

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ ಹಿರಿಯರು. ಹೊಲಕ್ಕೆ ಅದು ಬೇಕು, ಗುಡ್ಡದ ಮೇಲಿರುವವರಿಗೆ ಬೇಡ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನ ದಾಟಿದ ಮೇಲೆ. ಹಗಲೆಲ್ಲ ಕುದಿದ ನೆಲದ ಗಾಳಿ ಮೇಲೇರಿ ಮೋಡ ಕಟ್ಟಿ, ಧೂಳಿನ ಬಿರುಗಾಳಿ, ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು ಸಮೇತ ಬೀಳುತ್ತದೆ. ಮುಂಜಾನೆ ಹತ್ತಿ ಒಂಬತ್ತಕ್ಕೆ ಇಳಿದವರಿಗೆ ಇದರ ಚಿಂತೆಯೇ ಇಲ್ಲ.

ಬಯಲ ನಡುವೆ ಎದ್ದು ನಿಂತ ಗುಡ್ಡದ ತುದಿ ಸಿಡಿಲಿಗೆ ಮೊದಲ ಗುರಿ. ಮಿಂಚು ಕಂಡ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ. ಬುರುಜು, ಧ್ವಜಸ್ತಂಭ, ಫಿರಂಗಿ, ಒಂಟಿ ಮರ ಬಿಟ್ಟು ಕೆಳಗೆ ಇಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮತ್ತೆ ಮೇಲೆ ಹೋಗಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ ಆ್ಯಪ್ ಮೊಬೈಲಿನಲ್ಲಿದ್ದರೆ ಹತ್ತಿರ ಸಿಡಿಲು ಬೀಳುತ್ತಿರುವುದನ್ನು ತಿಳಿಸುತ್ತದೆ. ಮೊದಲ ಮಳೆಯ ಮಾರನೇ ದಿನವೂ ಜೋಕೆ: ತಿಂಗಳುಗಟ್ಟಲೆ ಕೂತ ಧೂಳು, ಒಣಗಿದ ಪಾಚಿ ಒದ್ದೆಯಾಗಿ ಬಂಡೆ ನುಣುಪಾಗಿರುತ್ತದೆ.

ಅವ್ವ, ಅಪ್ಪನ್ನ ಕರ್ಕೊಂಡು ಹೋಗಬಹುದಾ? ಸಣ್ಣ ಮಕ್ಕಳು?

ಮನೆಯಲ್ಲಿ ಎರಡು ಮಹಡಿ ನಿಲ್ಲದೆ ಹತ್ತಿದರೆ ಉಸಿರು ಸರಿಯಿರುತ್ತದೆ ಅನ್ನುವ ಹಿರಿಯರು ಮಾರ್ಚ್ ಮುಂಜಾನೆ ನಿಧಾನಕ್ಕೆ ಹತ್ತಬಹುದು. ಮೊದಲ ಬಾಗಿಲ ತನಕ ಹೋಗಿ ಅಲ್ಲೇ ಕೂತು ಊರು ನೋಡಿ ಬಂದರೂ ಹೋದ ಸಾರ್ಥಕ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳಿಯೇ ಹೊರಡಲಿ, ಮೂತ್ರ ಹೆಚ್ಚಿಸುವ ಕೆಲವು ಗುಳಿಗೆ ಬಿಸಿಲಲ್ಲಿ ದೇಹದ ನೀರನ್ನು ಬೇಗ ಬರಿದು ಮಾಡುತ್ತವೆ. ಗರ್ಭಿಣಿಯರು ಈ ಕಾಲ ಬಿಟ್ಟು ಬಿಡಿ.

ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಅವರು ಆಟದಲ್ಲಿ ದಾಹ ಮರೆಯುತ್ತಾರೆ. ಹದಿನೈದು ನಿಮಿಷಕ್ಕೊಮ್ಮೆ ನೀವೇ ಕುಡಿಸಿ. ಐದು ವರ್ಷದ ಒಳಗಿನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಮೆಟ್ಟಿಲು ಇಳಿಯುವುದು ಇಬ್ಬರಿಗೂ ಅಪಾಯ.

ಉಪವಾಸ ಇದ್ದಾಗ ಹತ್ತಬಹುದಾ?

ಶಿವರಾತ್ರಿಯ ನಿರಾಹಾರವಿರಲಿ, ರಂಜಾನ್ ರೋಜಾ ಇರಲಿ, ನೀರು ಬಿಟ್ಟ ದಿನ ಗುಡ್ಡ ಬೇಡ. ಹರಕೆ ಇದ್ದರೆ ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಒಬ್ಬರೇ ಹೋಗಬಹುದಾ?

ಕನಿಷ್ಠ ಮೂವರು. ಒಬ್ಬರಿಗೆ ಏನಾದರೂ ಆದರೆ ಒಬ್ಬರು ಜೊತೆ ಕೂರಲು, ಇನ್ನೊಬ್ಬರು ಕೆಳಗೆ ಓಡಲು ಬೇಕು. ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ. ಹೆಣ್ಣುಮಕ್ಕಳ ಗುಂಪಿಗೆ ನನ್ನ ಸಲಹೆ, ವಾಕಿಂಗಿನವರು ಓಡಾಡುವ ಮುಂಜಾನೆಯ ಹೊತ್ತನ್ನೇ ಆರಿಸಿಕೊಳ್ಳಿ. ತುರ್ತಿಗೆ 112.

ಕಲಬುರಗಿಯಿಂದ ಬೆಳಕು ಹರಿಯುವ ಮುಂಚೆ ತಲುಪುವುದು ಹೇಗೆ?

ಎರಡೂ ಊರಿನ ನಡುವೆ ಸುಮಾರು ಎಂಬತ್ತು ಕಿ.ಮೀ. ಮುಂಬೈ-ಚೆನ್ನೈ ಮಾರ್ಗದಲ್ಲಿ ವಾಡಿ ದಾಟಿದ ಮೇಲೆ ಯಾದಗಿರಿ ಬರುತ್ತದೆ. ನಸುಕಿನ ರೈಲು ತಡವಾದರೆ ಇಡೀ ಲೆಕ್ಕ ತಪ್ಪುತ್ತದೆ. ಹಿಂದಿನ ರಾತ್ರಿಯೇ ಬಂದು ಯಾದಗಿರಿಯಲ್ಲಿ ಉಳಿಯುವುದು ಲೇಸು. ರೈಲು ತಡವಾಗಿ ಎಂಟಕ್ಕೆ ಇಳಿದಿರಾ? ಅವತ್ತು ಗುಡ್ಡವನ್ನು ಕೆಳಗಿನಿಂದ ನೋಡಿ, ಊರಲ್ಲಿ ವಗ್ಗರಣಿ, ಮಿರ್ಚಿ ತಿಂದು, ಮುಂದಿನ ವಾರಕ್ಕೆ ಇಟ್ಟುಕೊಳ್ಳಿ. ಹೋಳಿ ಮುಗಿದ ಮೇಲೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಬಸ್ಸು, ರೈಲು ತುಂಬಿ ತುಳುಕುತ್ತವೆ, ಅದನ್ನೂ ನೋಡಿಕೊಂಡು ಹೊರಡಿ.

ಮೇಲೆ ನೋಡಲು ಏನಿದೆ?

ಕಲ್ಯಾಣ ಚಾಲುಕ್ಯರು, ದೇವಗಿರಿಯ ಯಾದವರು, ಬಹಮನಿಗಳು, ಬಿಜಾಪುರದ ಆದಿಲ್‌ಶಾಹಿಗಳು, ಹೈದರಾಬಾದ್ ನಿಜಾಮರು ಆಳಿದ ನಾಡು ಇದು. ಗೋಡೆಯನ್ನು ಗಮನವಿಟ್ಟು ನೋಡಿ. ಬುಡದಲ್ಲಿ ದೊಡ್ಡ ಬಂಡೆಯನ್ನೇ ಅಡಿಪಾಯ ಮಾಡಿಕೊಂಡು, ಅದರ ಉಬ್ಬುತಗ್ಗಿಗೆ ಸರಿಯಾಗಿ ಕಲ್ಲು ಕೆತ್ತಿ ಕೂರಿಸಿದ್ದಾರೆ. ಗುಡ್ಡ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ಹುಡುಕಬೇಕು. ಬುರುಜಿನ ಮೇಲೆ ಫಿರಂಗಿಗಳಿವೆ. ಬಿಸಿಲಿಗೆ ಕಾದ ಲೋಹ ಬಂಡೆಗಿಂತ ಜೋರಾಗಿ ಸುಡುತ್ತದೆ, ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ. ಗೋಡೆಗೆ ಹೆಸರು ಕೆತ್ತುವುದನ್ನು ಯಾರೇ ಮಾಡುತ್ತಿದ್ದರೂ ತಡೆಯಿರಿ. ನೂರಾರು ವರ್ಷ ಉಳಿದ ಕಲ್ಲು ನಮ್ಮ ಕಾಲದಲ್ಲಿ ಹಾಳಾಗಬಾರದು.

ಇದೇ ಕಾಲದಲ್ಲಿ ಹೋಗಬಹುದಾದ ಬೇರೆ ಜಾಗ?

ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ಹತ್ತುವುದಕ್ಕಿಂತ ದೂರದಿಂದ ನೋಡುವುದೇ ಚೆಂದ, ಹತ್ತಿದರೆ ಆ ಆಕಾರ ಕಾಣುವುದೇ ಇಲ್ಲ. ಸುರಪುರ ಗುಡ್ಡಗಳ ನಡುವಿನ ಊರು, ಅಲ್ಲಿಯೂ ಇದೇ ಗ್ರಾನೈಟ್, ಇದೇ ನಿಯಮ. ಚಿಂಚೋಳಿ ಕಡೆ ಕಾಡಿದೆ. 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 135 ಚದರ ಕಿ.ಮೀ. ಚಂದ್ರಂಪಳ್ಳಿ ಜಲಾಶಯದ ಸುತ್ತ ವಸಂತದಲ್ಲಿ ಎಲೆ ಉದುರಿ ಕಾಡೆಲ್ಲ ಒಣಗಿರುತ್ತದೆ, ಒಂದು ಬೀಡಿ ಕಿಡಿ ಸಾಕು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗಬಾರದು. ಜಲಪಾತ ನೋಡಲೆಂದು ಹೋಗುವುದಾದರೆ ಮಳೆಗಾಲ ಕಾಯಿರಿ. ಬೀದರ ಸಮುದ್ರಮಟ್ಟದಿಂದ 650 ಮೀಟರಿಗೂ ಮೇಲಿದೆ, ಯಾದಗಿರಿ 400ರ ಆಸುಪಾಸು. ಹೀಗಾಗಿ ಬೀದರದ ಮುಂಜಾನೆ ಒಂದೆರಡು ಡಿಗ್ರಿ ತಂಪು. ಕಡಿದಾದ ಏರು ಬೇಡ, ನಡೆದಾಡಿದರೆ ಸಾಕು ಅನ್ನುವವರಿಗೆ ಬೀದರ ಕೋಟೆಯೇ ಸರಿ.

ಹಿಮಾಲಯದ ಚಾರಣಕ್ಕೆ ಹೊರಟಿದ್ದೇನೆ. ಈ ಗುಡ್ಡ ಅಭ್ಯಾಸಕ್ಕೆ ಆಗುತ್ತದಾ?

ಕಾಲಿಗೆ ಚೆನ್ನಾಗಿ ಆಗುತ್ತದೆ. ಹಿಮಾಲಯದಲ್ಲಿ ದಿನಕ್ಕೆ 600ರಿಂದ 800 ಮೀಟರ್ ಏರುವ ದಿನಗಳಿರುತ್ತವೆ. ಇಲ್ಲಿನದು ನೂರು ಮೀಟರ್. ವಾರದಲ್ಲಿ ಮೂರು ಮುಂಜಾನೆ, ಒಂದು ಸಲದಿಂದ ಶುರು ಮಾಡಿ ಮೂರು ಸಲ ಹತ್ತಿ ಇಳಿಯುವವರೆಗೆ ಬೆಳೆಸಿಕೊಳ್ಳಿ, ಕೊನೆಕೊನೆಗೆ ಬೆನ್ನಚೀಲಕ್ಕೆ ಆರೇಳು ಕಿಲೊ ಭಾರ ಹಾಕಿ. ಇಳಿಯುವುದರಿಂದ ತೊಡೆ ಗಟ್ಟಿಯಾಗುತ್ತದೆ, ಅದನ್ನು ಕಡೆಗಣಿಸಬೇಡಿ.

ಇಲ್ಲಿ ಕಲಿಯಲು ಆಗದ್ದು ಎರಡು. ಒಂದು, ಎತ್ತರ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಯಾರಿಗೂ ಆಗಬಹುದು, ಎಷ್ಟೇ ಗಟ್ಟಿಗರಾದರೂ. ಅದಕ್ಕೆ ನಿಧಾನವಾಗಿ ಏರುವುದು, ಹೆಚ್ಚಾದರೆ ಇಳಿಯುವುದು, ಇವೇ ದಾರಿ. ಎರಡು, ಹಿಮ. ಮಾರ್ಚ್-ಏಪ್ರಿಲ್‌ನ ಅಲ್ಲಿನ ವಸಂತದಲ್ಲಿ ರಾತ್ರಿ ಹೆಪ್ಪುಗಟ್ಟಿದ ಹಿಮ ನಸುಕಿನಲ್ಲಿ ಗಾಜಿನಂತೆ ಗಡುಸು, ಬೂಟಿಗೆ ಮೊಳೆಪಟ್ಟಿ ಇಲ್ಲದಿದ್ದರೆ ಜಾರುತ್ತದೆ. ಮಧ್ಯಾಹ್ನಕ್ಕೆ ಕರಗಿ ತೊಡೆವರೆಗೆ ಹೂತುಹೋಗುತ್ತದೆ, ಇಳಿಜಾರಿನಿಂದ ಕುಸಿಯಲೂ ಬಹುದು. ಅಲ್ಲಿಯೂ ನಸುಕಿಗೆ ಹೊರಟು ನಡುಹಗಲಿಗೆ ಮುಂಚೆ ಇಳಿಯುವುದು ಇದಕ್ಕೇ. ಆ ಶಿಸ್ತನ್ನು ಮಾತ್ರ ಇಲ್ಲಿಂದಲೇ ಕಲಿತು ಹೋಗಬಹುದು.

ಇಳಿದ ಕೂಡಲೇ ತಣ್ಣೀರು ಕುಡಿಯಬಾರದು ಅನ್ನುತ್ತಾರೆ, ಹೌದಾ?

ತಣ್ಣೀರು ಕುಡಿದರೆ ತೊಂದರೆ ಇಲ್ಲ, ಗಟಗಟ ಒಂದು ಲೀಟರ್ ಇಳಿಸಿದರೆ ವಾಂತಿಯಾಗಬಹುದು. ನೆರಳಲ್ಲಿ ಕೂತು ಸ್ವಲ್ಪ ಸ್ವಲ್ಪ ಕುಡಿಯಿರಿ. ಕಲ್ಲಂಗಡಿ, ತಾಟಿನುಂಗು, ಎಳನೀರು ಎಲ್ಲವೂ ಈ ಕಾಲಕ್ಕೆ ಸಿಗುತ್ತವೆ. ಮೂತ್ರ ಗಾಢ ಹಳದಿ ಇದ್ದರೆ ನೀರು ಇನ್ನೂ ಸಾಲದು ಎಂದರ್ಥ, ತಿಳಿಯಾಗುವವರೆಗೆ ಕುಡಿಯುತ್ತಿರಿ. ಸಂಜೆಯಾದರೂ ತಲೆನೋವು ಇಳಿಯದಿದ್ದರೆ, ಮೂತ್ರ ಕಂದಾಗಿದ್ದರೆ ಅಥವಾ ಹೋಗದೇ ಇದ್ದರೆ ಡಾಕ್ಟರಿಗೆ ತೋರಿಸಿ.